ಅಕ್ಕತಂಗಿಯರು ಮತ್ತು ಹಾಡು ಕದ್ದ ಮಂತ್ರವಾದಿ

ಪ್ರಾಣಿಗಳಿಗೂ ಮಾತು ಬರುತ್ತಿದ್ದ ಕಾಲವದು. ಕೆಂಬೆಟ್ಟವೆಂಬ ರಾಜ್ಯದಲ್ಲಿ ಮಾಚಲೆ, ಬೊಮ್ಮಿ ಎಂಬ ಅಕ್ಕತಂಗಿಯರಿದ್ದರು. ಇಬ್ಬರೂ ಗಿಟಾರ್ ನುಡಿಸುವವರು. ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಹೊಮ್ಮಿಸುವ ಸ್ವರಗುಚ್ಛಕ್ಕೆ ಆ ನಾಡಲ್ಲಿ ಕಾರ್ಡ್ ಎನ್ನುತ್ತಿದ್ದರು.

ಮಾಚಲೆ ಹನ್ನೆರಡು ವರ್ಷ ಅಭ್ಯಾಸ ಮಾಡಿದವಳು. ಆದರೆ ಯಾವ ಕಾರ್ಡ್ ಹಿಡಿದು ಶುರು ಮಾಡಿದರೂ ಅವಳ ಬೆರಳು ತಾನಾಗಿ ಭತ್ತ ಕುಟ್ಟುವ ಹಾಡಿನ ದಾರಿಗೇ ಜಾರುತ್ತಿತ್ತು. ಬೊಮ್ಮಿ ಕಲಿತದ್ದು ಎರಡೇ ವರ್ಷ. ಅವಳು ನುಡಿಸಿದರೆ ಜನ, “ಇಂಥದ್ದು ಕೇಳೇ ಇರಲಿಲ್ಲ ಕಣಮ್ಮ!” ಎನ್ನುತ್ತಿದ್ದರು. ಮಾಚಲೆ ನಗುತ್ತಾ ತಲೆಯಾಡಿಸುತ್ತಿದ್ದಳು. ಹೊಟ್ಟೆಯಲ್ಲಿ ಮಾತ್ರ ಕೆಂಡ ಹೊರಳುತ್ತಿತ್ತು.

ಹೀಗಿರುವಾಗ ಕರಿಗಡಪನೆಂಬ ಮಂತ್ರವಾದಿ ರಾಜಕುಮಾರಿಯನ್ನು ಕದ್ದೊಯ್ದು ಮೂರು ಬಾಗಿಲ ಗವಿಯಲ್ಲಿಟ್ಟ. ಬಾಗಿಲಿಗೊಂದು ಮಾಯಾಮೃಗ. ಒಳಹೋಗುವವರು ಅದರೆದುರು ಗಿಟಾರ್ ನುಡಿಸಬೇಕು. ಮುಂದಿನ ಕಾರ್ಡ್ ಯಾವುದೆಂದು ಅದಕ್ಕೆ ಹೊಳೆದರೆ ನುಡಿಸಿದವರು ಕಲ್ಲಾಗಬೇಕು. ಹೊಳೆಯದಿದ್ದರೆ ಅದು ನಿದ್ದೆಹೋಗಬೇಕು. ಮೂರೂ ಮಲಗಿದರೆ ಮಂತ್ರವಾದಿಯ ಆಯುಸ್ಸು ಮುಗಿಯಿತು.

ಅಕ್ಕತಂಗಿಯರು ಹೊರಟರು.

ಮೊದಲ ಬಾಗಿಲಲ್ಲಿ ಕಬ್ಬಿಣದ ಹಲ್ಲಿನ ಹುಲಿ. ಮಾಚಲೆ ಎರಡು ಕಾರ್ಡ್ ನುಡಿಸುವಷ್ಟರಲ್ಲಿ ಅದು ಮೀಸೆ ಕುಣಿಸಿ, “ಮೂರನೆಯದು ನನಗೆ ಗೊತ್...” ಎಂದಿತು. ಬೊಮ್ಮಿ ಅಡ್ಡ ಬಂದು ಬೇರೊಂದು ಕಾರ್ಡ್ ಮೀಟಿದಳು. ಹುಲಿ ಮಲಗಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹಾವು. ಅಲ್ಲೂ ಹಾಗೇ ಆಯಿತು. ತಂಗಿ ಎರಡು ಸಲ ಜೀವ ಉಳಿಸಿದಳೆಂದು ಮಾಚಲೆಗೆ ಸಂತೋಷವಾಗಲಿಲ್ಲ. ಎರಡು ಸಲ ಅವಳೇ ಗೆದ್ದಳಲ್ಲ ಅನ್ನಿಸಿತು.

ಬೊಮ್ಮಿ ನೀರು ತರಲು ಹೋದಾಗ ಕಾಗೆಯೊಂದು ಮಾಚಲೆಯ ಬಳಿ ಬಂದು ಕೂತಿತು. ಅದು ಕರಿಗಡಪನೇ.

“ನಿನಗೆ ಗೊತ್ತಿರುವ ಹಾಡುಗಳೇ ನಿನ್ನ ಬೆರಳಿಗೆ ಸಂಕೋಲೆ. ಅವನ್ನು ನನಗೆ ಕೊಟ್ಟುಬಿಡು. ತಂಗಿಗಿಂತ ಹೊಸದಾಗಿ ನುಡಿಸುತ್ತೀಯ.”

“ತಗೋ,” ಎಂದಳು ಮಾಚಲೆ, ಹಿಂದುಮುಂದು ಯೋಚಿಸದೆ.

ಮೂರನೆಯ ಬಾಗಿಲಲ್ಲಿ ಬೆಂಕಿಯ ಆನೆ. ಬೊಮ್ಮಿ ನುಡಿಸಿದಳು. ಆನೆ ಕಿವಿ ಬಡಿದು ನಕ್ಕಿತು: “ಇದು ಗೊತ್ತು! ಮುಂದಿನದೂ ಗೊತ್ತು!” ಬೊಮ್ಮಿಯ ಪಾದ ಕಲ್ಲಾಯಿತು.

ಮಾಚಲೆ ಗಿಟಾರ್ ಎತ್ತಿಕೊಂಡಳು. ಒಂದು ಕಾರ್ಡ್ ಹಿಡಿದಳು. ಅಲ್ಲಿಂದ ಎಲ್ಲಿಗೆ ಹೋಗಬೇಕೆಂದೇ ತಿಳಿಯಲಿಲ್ಲ. ಒಳಗೆಲ್ಲ ಖಾಲಿ.

“ಬೊಮ್ಮೀ, ನನ್ನ ಹಾಡುಗಳನ್ನು ನಾನೇ ಅವನಿಗೆ ಕೊಟ್ಟೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಕೊಟ್ಟೆ ಕಣೇ.”

ಬೊಮ್ಮಿ ಬೆಚ್ಚಿದಳು. “ಅಯ್ಯೋ ಅಕ್ಕ, ಅವು ಅವನ ಆನೆಗೂ ಸಿಕ್ಕಿವೆ, ಅದಕ್ಕೇ ಗೊತ್ತಾಯಿತು! ನನ್ನದೆಲ್ಲ ನಿನ್ನ ಹಾಡೇ. ನೀನು ಭತ್ತ ಕುಟ್ಟುತ್ತಾ ಹಾಡುತ್ತಿದ್ದೆಯಲ್ಲ, ಅದರ ಹಿಂದೆಯೇ ಹೋಗುತ್ತೇನೆ. ಬೆರಳು ಇನ್ನೇನು ಹಾಡು ಮುಗಿಯುವ ಮನೆ ಸೇರಬೇಕು ಅನ್ನುವಾಗ ಬೇರೆ ಕಡೆ ತಿರುಗುತ್ತೇನೆ. ಅಷ್ಟೇ. ಹಾಡೆಲ್ಲ ಗೊತ್ತಿದ್ದವರಿಗೆ ನಾನು ತಿರುಗುವುದೂ ಹೊಳೆಯುತ್ತದೆ.”

ಮಾಚಲೆಗೆ ನಾಚಿಕೆಯಾಯಿತು, ಅಳು ಬಂತು. “ಹಾಡೇ ಅದನ್ನ. ನನಗೆ ನೆನಪಿಲ್ಲ.”

ಸೊಂಟದವರೆಗೆ ಕಲ್ಲಾಗಿದ್ದ ಬೊಮ್ಮಿ ಹಾಡಿದಳು. ಮಾಚಲೆಯ ಬೆರಳುಗಳು ಮೆಲ್ಲಗೆ ಹಿಂಬಾಲಿಸಿದವು. ಹಾಡು ಮನೆ ಸೇರುವ ಜಾಗ ಬಂತು. ಆನೆ ಬಾಯಿ ತೆರೆಯಿತು. ಮಾಚಲೆ ಬೆರಳನ್ನು ತಂತಿಯ ಮೇಲೆ ತುಸು ಕೆಳಗೆ ಎಳೆದು, ಬೊಮ್ಮಿಯೂ ಎಂದೂ ಹಿಡಿಯದ ಕಾರ್ಡ್ ಮೀಟಿದಳು.

ಆನೆಯ ಬಾಯಿ ತೆರೆದೇ ಉಳಿಯಿತು. ಆಮೇಲೆ ಅದು ಮಂಡಿಯೂರಿ, ಸೊಂಡಿಲು ಸುತ್ತಿಕೊಂಡು ಮಲಗಿತು.

ಕರಿಗಡಪ ಹೊಗೆಯಾಗಿ ಗವಿಯ ಬಿರುಕಿನಲ್ಲಿ ಸೋರಿಹೋದ. ಹಾಡುಗಳು ಮಾಚಲೆಗೆ ಮರಳಿದವು. ಬೊಮ್ಮಿಯ ಕಾಲಿಗೆ ಜೀವ ಬಂತು. ರಾಜಕುಮಾರಿ ಕಣ್ಣುಜ್ಜಿಕೊಂಡು ಹೊರಬಂದಳು.

ಕೆಂಬೆಟ್ಟದಲ್ಲಿ ಎಲ್ಲರೂ ನೆಮ್ಮದಿಯಿಂದ ಬಾಳಿದರು. ಬೊಮ್ಮಿಯನ್ನು ಯಾರಾದರೂ ಹೊಗಳಿದರೆ ಮಾಚಲೆಗೆ ಆಮೇಲೂ ಒಂದಿಷ್ಟು ಉರಿಯುತ್ತಿತ್ತು. ಆಗೆಲ್ಲ ಅವಳು ತಂಗಿಯ ಪಕ್ಕಕ್ಕೆ ಚಾಪೆ ಎಳೆದುಕೊಂಡು, “ಎಲ್ಲಿ ತಿರುಗಿದೆಯೇ? ಇನ್ನೊಂದು ಸಲ ತೋರಿಸು,” ಎನ್ನುತ್ತಿದ್ದಳು. ಬೊಮ್ಮಿ ತೋರಿಸುತ್ತಿದ್ದಳು.