ಮೂರನೇ ಮಹಡಿಯ ಹಡಗು

“ಕಾಲು ಒಳಗೆ ತಗೊಳೇ, ನೀರಲ್ಲಿದೆ,” ಎಂದಳು ಅಜ್ಜಿ.

ಮಲ್ಲಿ ಬಗ್ಗಿ ನೋಡಿದಳು. ಅವಳ ಕಾಲಿನ ಹೆಬ್ಬೆರಳು ನೀಲಿ ಟೇಪನ್ನು ದಾಟಿ ಆಚೆ ಹೋಗಿತ್ತು. ಟೇಪಿನ ಈಚೆ ಹಡಗು, ಆಚೆ ಸಮುದ್ರ. ಬೆಳಿಗ್ಗೆ ಎಲ್ಲರೂ ಏಳುವಷ್ಟರಲ್ಲಿ ಅಪ್ಪ ಅದನ್ನು ಹಾಲ್‌ನ ನೆಲಕ್ಕೆ ಚೌಕವಾಗಿ ಅಂಟಿಸಿಬಿಟ್ಟಿದ್ದ. ಚೌಕದೊಳಗೆ ಎರಡು ಹಾಸಿಗೆ. ಸೋಫಾ, ಟೀವಿ, ಚಪ್ಪಲಿ ಸ್ಟ್ಯಾಂಡ್ ಎಲ್ಲವೂ ಈಗ ಸಮುದ್ರದಲ್ಲಿದ್ದವು.

“ಹಡಗಿನ ರೂಮು ಇಷ್ಟೇ ಇರೋದು,” ಎಂದ ಅಪ್ಪ. “ಸಾಯಂಕಾಲದವರೆಗೆ ನಾವೆಲ್ಲ ಇದರಲ್ಲೇ. ಅಡುಗೆಮನೆ ಅಂದ್ರೆ ಹಡಗಿನ ಹೋಟೆಲ್. ಬಾಲ್ಕನಿ ಅಂದ್ರೆ ಡೆಕ್. ಅಲ್ಲಿಗೆ ಹೋಗಬಹುದು. ಮುಂಬಾಗಿಲು ಮಾತ್ರ ದಾಟೋ ಹಾಗಿಲ್ಲ.”

ಅಪ್ಪ ಲಿಫ್ಟ್ ಮೆಕ್ಯಾನಿಕ್. ಈ ವರ್ಷ ಚೆನ್ನಾಗಿ ಕೆಲಸ ಮಾಡಿದ್ದಾನೆಂದು ಕಂಪನಿಯವರು ಮನೆಮಂದಿಗೆಲ್ಲ ನಾಲ್ಕು ದಿನದ ಹಡಗಿನ ಪ್ರವಾಸ ಕೊಟ್ಟಿದ್ದರು. ಬರುತ್ತೀರೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಫೋನ್ ಮಾಡಿ ಹೇಳಬೇಕಿತ್ತು. ಅಡ್ಡಿಯಾಗಿದ್ದವರು ಗುಂಡ ಮತ್ತು ತುಂಟಿ. ಮಲ್ಲಿಯ ಅವಳಿ ತಮ್ಮ, ತಂಗಿ. ಈಗಷ್ಟೇ ನಡೆಯಲು ಕಲಿತಿದ್ದರು, ಅದಕ್ಕೂ ಮೊದಲೇ ಹತ್ತಲು ಕಲಿತಿದ್ದರು.

“ಈ ಎರಡನ್ನೂ ಕಟ್ಕೊಂಡು ನಡುನೀರಿಗೆ ಹೋಗೋದಾ?” ಎಂದು ಅಮ್ಮ ವಾರದಿಂದ ಕೇಳುತ್ತಿದ್ದಳು.

“ಟ್ರಯಲ್ ಮಾಡಿ ನೋಡೋಣ,” ಎಂದು ಅಪ್ಪನೂ ವಾರದಿಂದ ಹೇಳುತ್ತಿದ್ದ. “ಹೊಸ ಲಿಫ್ಟ್‌ಗೆ ಮೊದಲು ಮರಳಿನ ಮೂಟೆ ಹತ್ತಿಸ್ತೀವಿ. ಆಮೇಲೇ ಮನುಷ್ಯರು.”

“ಇಲ್ಲಿ ಮೂಟೆ ಯಾರು?”

“ನಾವೇ.”

ಮಲ್ಲಿಯ ನಿಜವಾದ ಹೆಸರು ಬೇರೆ. ಮಾತಿನಮಲ್ಲಿ ಎಂದು ಎಲ್ಲರೂ ಕರೆದು ಕರೆದು ಅದು ಮಲ್ಲಿ ಎಂದಷ್ಟೇ ಉಳಿದಿತ್ತು. ಹಡಗಿನ ಸುದ್ದಿ ಕಿವಿಗೆ ಬಿದ್ದ ಮಾರನೇ ದಿನವೇ ಅವಳು ಇಡೀ ಕ್ಲಾಸಿಗೆ ಡಂಗುರ ಸಾರಿಬಿಟ್ಟಿದ್ದಳು. ಅದಿರಲಿ, ಡಂಗುರ ಸಾರದಿದ್ದರೂ ಅವಳಿಗೆ ಹಡಗು ಬೇಕಿತ್ತು. ಸುತ್ತಲೂ ನೀರು ಬಿಟ್ಟು ಬೇರೇನೂ ಕಾಣದ ಕಡೆ ಒಂದು ಸಲ ನಿಂತು ನೋಡಬೇಕಿತ್ತು. ಆದ್ದರಿಂದ ಇವತ್ತು ಗುಂಡ, ತುಂಟಿ ಇಬ್ಬರೂ ಚಿನ್ನದಂಥ ಮಕ್ಕಳಾಗಿರಬೇಕು. ಅದನ್ನು ಅವಳು ಅವರ ಕಿವಿಯಲ್ಲಿ ಹೇಳಿಯೂ ಇದ್ದಳು. ಗುಂಡ ಅವಳ ಕಿವಿಯನ್ನೇ ಕಚ್ಚಿದ್ದ.

ಅಜ್ಜಿ ಪ್ರವಾಸಕ್ಕೆ ಬರುವವಳಲ್ಲ. “ನೀವು ಹೋದ್ರೆ ನಾಲ್ಕು ದಿನ ಕಾಲು ಚಾಚಿ ಮಲಗ್ತೀನಿ,” ಎಂದಿದ್ದಳು. ಹಾಗಾಗಿ ಟ್ರಯಲ್‌ನಲ್ಲಿ ಅವಳಿಗೆ ಸಮುದ್ರದ ಕೆಲಸ ಸಿಕ್ಕಿತ್ತು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಾಯುತ್ತಿದ್ದಳು.

ತುಂಟಿ ಮೊದಲು ಒಂದು ಚಮಚ ಎಸೆದಳು. ಆಮೇಲೆ ಕಾಲುಚೀಲ. ಆಮೇಲೆ ಅಪ್ಪನ ಕನ್ನಡಕ. ಅಜ್ಜಿ ಎಲ್ಲವನ್ನೂ ಹೆಕ್ಕಿ ಮಡಿಲಲ್ಲಿ ಇಟ್ಟುಕೊಂಡಳು.

“ಅಮ್ಮ, ಕನ್ನಡಕ ಕೊಡು,” ಎಂದ ಅಪ್ಪ.

“ಸಮುದ್ರಕ್ಕೆ ಬಿದ್ದಿದ್ದು ಬಿತ್ತು ಕಣೋ.”

“ಕಣ್ಣು ಕಾಣಲ್ಲ ನಂಗೆ.”

“ಹಡಗಲ್ಲಿ ಹೋಗೋನು ಹುಷಾರಾಗಿರಬೇಕಪ್ಪ.” ಅಜ್ಜಿ ಕನ್ನಡಕವನ್ನು ತಾನೇ ಹಾಕಿಕೊಂಡಳು.

ಅಷ್ಟಕ್ಕೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಬಂದು ಹಾಸಿಗೆಯ ತುದಿ ಹಿಡಿದು ಅಲ್ಲಾಡಿಸತೊಡಗಿದಳು. ಅಲೆ ಬಂದಿದೆ ಎಂದಳು. ಅವಳಿಗಳು ಕೇಕೆ ಹಾಕಿದರು. ಅಮ್ಮನಿಗೆ ಮಾತ್ರ ನಿಜವಾಗಿಯೂ ತಲೆ ಸುತ್ತಿತು. “ನಂಗೆ ಈಗಲೇ ವಾಂತಿ ಬರೋ ಹಾಗಿದೆ,” ಎಂದು ಗೋಡೆ ಹಿಡಿದುಕೊಂಡಳು.

“ಅಮ್ಮಂಗೆ ಅಭ್ಯಾಸ ಆಗುತ್ತೆ ಅಪ್ಪ,” ಎಂದಳು ಮಲ್ಲಿ ತಟ್ಟನೆ. ಟ್ರಯಲ್ ಕೈ ತಪ್ಪಿ ಹೋಗುತ್ತಿದೆ ಎಂದು ಅವಳಿಗೆ ಗಾಬರಿಯಾಗಿತ್ತು.

ಆಗ ಕಾಲಿಂಗ್ ಬೆಲ್ ಆಯಿತು.

“ಯಾರು?” ಎಂದಳು ಅಜ್ಜಿ.

“ನಾನು, ಪಕ್ಕದ ಮನೆ. ಸಣ್ಣ ಸ್ಕ್ರೂಡ್ರೈವರ್ ಇದ್ಯಾ ಅಂತ ಕೇಳೋಣ ಅಂತ ಬಂದೆ.”

ಪಕ್ಕದ ಮನೆಯ ಗಡಿಯಾರದ ಅಂಕಲ್. ಗಡಿಯಾರ ರಿಪೇರಿ ಮಾಡುವವರು. ಹೊಸದಾಗಿ ಬಂದವರು, ಬಹಳ ಸಂಕೋಚದ ಮನುಷ್ಯ.

“ನಾವು ನಡುಸಮುದ್ರದಲ್ಲಿದ್ದೀವಿ,” ಎಂದಳು ಅಜ್ಜಿ ಬಾಗಿಲು ತೆಗೆದು. “ಈಜ್ಕೊಂಡು ಬನ್ನಿ.”

ಅಂಕಲ್ ಒಂದು ಕ್ಷಣ ನಿಂತರು. ಇನ್ನೊಬ್ಬರ ಮನೆಯ ಪದ್ಧತಿಯನ್ನು ಪ್ರಶ್ನಿಸುವ ಜನ ಅವರಲ್ಲ. ಚಪ್ಪಲಿ ಬಿಟ್ಟರು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು, ಎರಡೂ ಕೈ ಬೀಸುತ್ತಾ ಹಡಗಿನವರೆಗೆ ಬಂದರು. ಟೇಪಿನ ಬಳಿ ನಿಂತು, “ಹತ್ತಬಹುದಾ?” ಎಂದು ಕೇಳಿದರು.

ಅಪ್ಪನ ಮುಖ ಅರಳಿತು. “ಸರಿಯಾದ ಹೊತ್ತಿಗೆ ಬಂದ್ರಿ. ಹಡಗಲ್ಲಿ ಮಕ್ಕಳ ರೂಮ್ ಇರುತ್ತಂತೆ. ದೊಡ್ಡೋರು ಊಟಕ್ಕೆ ಹೋದಾಗ ಅಲ್ಲಿ ಕೆಲಸ ಮಾಡೋರು ಮಕ್ಕಳನ್ನ ನೋಡ್ಕೋತಾರಂತೆ. ಮಕ್ಕಳಿಗೆ ನಿಮ್ಮ ಪರಿಚಯ ಅಷ್ಟಾಗಿ ಇಲ್ಲ. ಆ ಕೆಲಸದೋರು ನೀವೇ.”

“ಆಗಲಿ,” ಎಂದರು ಅಂಕಲ್. “ಸ್ಕ್ರೂಡ್ರೈವರ್ ಆಮೇಲೆ ಕೊಡಿ.”

ಮಲಗುವ ಕೋಣೆ ಮಕ್ಕಳ ರೂಮ್ ಆಯಿತು. ಅಂಕಲ್ ಇಬ್ಬರನ್ನೂ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಅಪ್ಪ ಅಮ್ಮ ಅಡುಗೆಮನೆಗೆ ಹೋದರು. ಮಲ್ಲಿ ಎರಡು ತುತ್ತು ತಿಂದು, ಕೈ ತೊಳೆದೂ ತೊಳೆಯದ ಹಾಗೆ ಮಾಡಿ, ಬಾಗಿಲ ಸಂದಿಗೆ ಕಣ್ಣಿಟ್ಟಳು.

ತುಂಟಿ ಮಂಚದ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಬೆಳಿಗ್ಗೆಯಿಂದ ಎಸೆದೂ ಎಸೆದೂ ಸುಸ್ತಾಗಿತ್ತು. ಗುಂಡ ನೆಲದ ಮೇಲೆ ನಿಂತು ಎರಡೂ ಕೈ ಚಾಚಿ ಅಂಕಲ್ ಮುಖ ನೋಡುತ್ತಿದ್ದ.

“ಇಳಿ,” ಎಂದ ಗುಂಡ.

“ಇಳಿಸಿದ್ದೀನಲ್ಲ ಮರಿ,” ಎಂದರು ಮಂಚದ ಮೇಲೆ ಕೂತಿದ್ದ ಅಂಕಲ್.

“ಇಳಿ. ಇಳಿ.”

ಅಂಕಲ್ ಯೋಚಿಸಿದರು. “ಓ, ನಾನಾ?” ಎಂದು ಮಂಚ ಬಿಟ್ಟು ನೆಲಕ್ಕೆ ಇಳಿದು ಕೂತರು.

ಗುಂಡನ ಕೆಳತುಟಿ ನಡುಗಿತು. “ಇಳೀ.”

ಅಂಕಲ್ ಪಾಪ, ಅಂಗಾತ ಮಲಗಿದರು. ಆಮೇಲೆ ಮಗುಚಿ ಬೋರಲಾಗಿ ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡರು. “ಇನ್ನೆಲ್ಲಿಗೆ ಇಳೀಲಿ ಕಂದ? ಕೆಳಗಡೆ ಬೇರೆಯವರ ಮನೆ.”

ಮಲ್ಲಿಗೆ ನಗು ತಡೆಯಲಾಗಲಿಲ್ಲ. ಆದರೆ ಗುಂಡನ ಮುಖ ನೋಡಿ ನಗು ಅಲ್ಲೇ ನಿಂತಿತು.

ಗುಂಡ ದಿನವಿಡೀ ಕುರ್ಚಿ, ಮೇಜು, ಕಿಟಕಿ ಎಂದು ಹತ್ತುತ್ತಲೇ ಇರುತ್ತಾನೆ. ಯಾರಾದರೂ “ಇಳಿ, ಇಳಿ” ಎನ್ನುತ್ತಾ ಓಡಿಬಂದು ಅವನನ್ನು ಎತ್ತಿ ಎದೆಗೆ ಅವಚಿಕೊಳ್ಳುತ್ತಾರೆ. ಹಾಗಾಗಿ ಅವನ ಲೆಕ್ಕದಲ್ಲಿ ಇಳಿ ಎಂದರೆ ಎತ್ತಿಕೋ.

ಗುಂಡ ಕೈ ಕೆಳಗೆ ಬಿಟ್ಟ. ಒಂದು ಸಲ ಬಿಕ್ಕಿದ. ಮಂಚದ ಕೆಳಗೆ ತೆವಳಿ, ಗೋಡೆಯ ಕಡೆ ಮುಖ ಮಾಡಿ, ಹೆಬ್ಬೆರಳು ಬಾಯಿಗಿಟ್ಟು ಕೂತ.

ಮಲ್ಲಿಯ ಕೈ ಬಾಗಿಲ ಮೇಲಿತ್ತು. ತಳ್ಳಿದರೆ ಟ್ರಯಲ್ ಫೇಲ್. ಅವಳು ತಳ್ಳಲಿಲ್ಲ. ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡಳು.

ಸ್ವಲ್ಪ ಹೊತ್ತಿಗೆ ಅಂಕಲ್ ಅಂಗಿ ಕೊಡವಿಕೊಂಡು ಹೊರಗೆ ಬಂದರು. “ತುಂಬಾ ಒಳ್ಳೆ ಮಕ್ಕಳು. ಅವಳು ಮಲಗಿದ್ದಾಳೆ, ಇವನು ಸುಮ್ಮನೆ ಕೂತಿದ್ದಾನೆ. ಚೂರೂ ಗಲಾಟೆ ಇಲ್ಲ.”

“ನೋಡಿದ್ಯಾ?” ಎಂದ ಅಪ್ಪ.

ಅಮ್ಮನಿಗೂ ಆಶ್ಚರ್ಯ. “ಅಷ್ಟು ಹೊತ್ತು ನಮ್ಮನ್ನ ಬಿಟ್ಟು ಇದ್ರಾ? ಹಾಗಾದ್ರೆ ಹೋಗೋಣ. ವಾಂತಿಗೆ ಮಾತ್ರೆ ತಗೋತೀನಿ ಬಿಡಿ.”

ಅಪ್ಪ ಅಜ್ಜಿಯ ಮೂಗಿನಿಂದ ಕನ್ನಡಕ ಕಿತ್ತು ಹಾಕಿಕೊಂಡು ಕಂಪನಿಯ ಸಾಹೇಬರ ನಂಬರ್ ಒತ್ತಿದ. ಆ ಕಡೆ ರಿಂಗ್ ಆಗುವುದು ಮಲ್ಲಿಗೂ ಕೇಳಿಸುತ್ತಿತ್ತು. ಇನ್ನೊಂದು ನಿಮಿಷ ಬಾಯಿಗೆ ಬೀಗ ಹಾಕಿಕೊಂಡರೆ ಸಾಕು, ಹಡಗು ಅವಳದೇ.

“ಅಪ್ಪ,” ಎಂದಳು. “ಗುಂಡ ಸುಮ್ಮನೆ ಕೂತಿಲ್ಲ.”

“ಮತ್ತೆ?”

“ಕರೆದು ಕರೆದು ಸಾಕಾಗಿ ಕೂತಿದ್ದಾನೆ.”

ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಅರ್ಧದಲ್ಲೇ ಒಳಗೆ ಓಡಿದಳು. ಅಪ್ಪ ಫೋನಿಗೆ, “ಈ ಸಲ ಆಗಲ್ಲ ಸರ್. ಮಕ್ಕಳು ಇನ್ನೂ ಚಿಕ್ಕವು,” ಎಂದ. ಹಾಗೆ ಹೇಳುವಾಗ ಅವನ ದನಿ ಸಣ್ಣದಾಗಿತ್ತು. ಅಜ್ಜಿ ನೀಲಿ ಟೇಪನ್ನು ಕೀಳತೊಡಗಿದಳು.

ಮಲ್ಲಿ ಬಾಲ್ಕನಿಗೆ ಹೋಗಿ ಅತ್ತಳು. ಹಡಗು ಹೋಯಿತು. ನಾಳೆ ಕ್ಲಾಸಿನಲ್ಲಿ ಮುಖ ಎಲ್ಲಿಡುವುದು ಎಂದು ತಿಳಿಯಲಿಲ್ಲ.

ಹಿಂದೆ ಯಾರೋ ಕೆಮ್ಮಿದರು. ಗಡಿಯಾರದ ಅಂಕಲ್. ಪ್ಯಾಂಟು ಇನ್ನೂ ಮೊಣಕಾಲಿನ ಮೇಲೇ ಇತ್ತು. “ನಂಗೆ ಗೊತ್ತಾಗಲಿಲ್ಲಮ್ಮ,” ಎಂದರು. “ಇನ್ನೇನೇನು ಹೇಳ್ತಾನೆ ಅವನು? ಹೇಳಿಕೊಡ್ತೀಯಾ?”

ಮಲ್ಲಿ ಮೂಗು ಒರೆಸಿಕೊಂಡಳು. “ಬಬ್ಬ ಅಂದ್ರೆ ನೀರು. ಕೋಪ ಬಂದಾಗ ಬಬ್ಬ ಅಂದ್ರೆ ಅಪ್ಪ. ತಲೆ ಕೆರ್ಕೊಂಡ್ರೆ ನಿದ್ದೆ. ಕಿವಿ ಕಚ್ಚಿದ್ರೆ ಪ್ರೀತಿ, ಭುಜ ಕಚ್ಚಿದ್ರೆ ಹಸಿವು. ‘ತಾ’ ಅಂದ್ರೆ ತಗೋ. ತುಂಟಿ ‘ತಾ’ ಅಂದ್ರೆ ಮಾತ್ರ ಕೊಡು.”

ಹೇಳುತ್ತಾ ಹೋದಂತೆ ಇನ್ನೂ ಇನ್ನೂ ನೆನಪಾಗತೊಡಗಿತು. ಶಾಲೆಯ ಪಾಠ ಒಂದು ಪುಟ ನೆನಪಿಡಲು ಅವಳು ಎಷ್ಟು ಸಲ ಗಟ್ಟಿಯಾಗಿ ಓದಬೇಕು. ಇದನ್ನೆಲ್ಲ ಯಾವಾಗ ಕಲಿತೆ, ಯಾರು ಕಲಿಸಿದರು ಎಂದು ಯೋಚಿಸಿದಳು. ಯಾರೂ ಕಲಿಸಿರಲಿಲ್ಲ.

“ಸ್ವಲ್ಪ ನಿಧಾನಕ್ಕೆ ಹೇಳಮ್ಮ,” ಎಂದರು ಅಂಕಲ್, ತುಟಿಯಲ್ಲೇ ಬಾಯಿಪಾಠ ಮಾಡುತ್ತಾ.

ಮಲ್ಲಿ ಅವರ ಪಕ್ಕ ಕೂತು, ಮೊದಲಿನಿಂದ ಶುರು ಮಾಡಿದಳು.