ಗುಬ್ಬಿ ಕೇಳಿದ ದನಿ

ಬೆಟ್ಟಗಳು ಇನ್ನೂ ಮಾತು ಬಿಟ್ಟಿರದ ಕಾಲ. ಆ ಕಾಲದಲ್ಲಿ ಏಳು ಹೊಳೆಗಳ ಆಚೆ ಬೆಳ್ಳಕ್ಕಿದುರ್ಗ ಎಂಬ ರಾಜ್ಯವಿತ್ತು. ಅದನ್ನು ಧವಳಾಂಕನೆಂಬ ಅರಸ ಆಳುತ್ತಿದ್ದ. ಅವನಿಗೆ ಒಬ್ಬಳೇ ಮಗಳು, ಹೇಮವಲ್ಲಿ. ಅವಳು ಐದು ವರ್ಷದ ಮಗುವಾಗಿದ್ದಾಗ ಊರಿಗೆ ಒಂದು ಕೆಟ್ಟ ಜ್ವರ ಬಂತು. ಹೋಗುವಾಗ ಅದು ರಾಣಿಯ ಪ್ರಾಣವನ್ನೂ ಮಗುವಿನ ಕಿವಿಯನ್ನೂ ಕೊಂಡುಹೋಯಿತು.

ಮಗಳಿಗಾಗಿ ಅರಸ ಮಾಡದ ಪ್ರಯತ್ನವಿಲ್ಲ. ದೇಶದೇಶದ ವೈದ್ಯರನ್ನು ಕರೆಸಿದ. ಬೇರು ಅರೆಸಿದ, ಎಣ್ಣೆ ಕಾಯಿಸಿದ. ಏನೂ ಆಗಲಿಲ್ಲ. ಕಡೆಗೆ ಬೇಟೆನಾಯಿಗಳನ್ನು ಸಾಕುತ್ತಿದ್ದ ಬೊಮ್ಮಜ್ಜ ಎಂಬ ಮುದುಕ ಕಂದುಬಣ್ಣದ ಒಂದು ಹೆಣ್ಣು ನಾಯಿಮರಿಯನ್ನು ಮಡಿಲಲ್ಲಿಟ್ಟುಕೊಂಡು ಬಂದ. ಹೆಸರು ಗುಬ್ಬಿ. ನೋಡುವುದಕ್ಕೆ ಬೀದಿನಾಯಿ, ಬಾಲವೂ ಸೊಟ್ಟ. ಆದರೆ ಬೊಮ್ಮಜ್ಜ ಅದಕ್ಕೆ ಒಂದು ವಿದ್ಯೆ ಕಲಿಸಿದ್ದ. ಬಾಗಿಲಲ್ಲಿ ಅಪರಿಚಿತರ ದನಿ ಕೇಳಿದರೆ ಅದು ಹೇಮವಲ್ಲಿಯ ಸೆರಗು ಹಿಡಿದು ಎಳೆಯುತ್ತಿತ್ತು. ದಾದಿ ನಾಗವ್ವೆ ಕರೆದರೆ ಮೊಣಕಾಲಿಗೆ ಪಂಜ ಇಡುತ್ತಿತ್ತು. ಅರಸ ಕರೆದರೆ ಅವಳ ಎಡಪಾದದ ಮೇಲೆ ಗಲ್ಲ ಊರಿ ಮಲಗುತ್ತಿತ್ತು. ಎಲ್ಲಿಂದ ಕರೆದರೂ ಸರಿ, ಎಷ್ಟು ಮೆಲ್ಲಗೆ ಕರೆದರೂ ಸರಿ, ತಪ್ಪುತ್ತಿರಲಿಲ್ಲ. ಅದನ್ನು ಕಂಡ ಅರಸ ತುಂಬಿದ ಸಭೆಯಲ್ಲಿ, “ಈ ನಾಯಿ ನನ್ನ ಮಗಳ ಕಿವಿ. ಇದಕ್ಕೆ ಹೊಡೆದವನು ಅವಳ ಕಿವಿಗೆ ಹೊಡೆದಂತೆ” ಎಂದು ಸಾರಿದ.

ಇಲ್ಲೊಂದು ಮಾತು ಹೇಳಬೇಕು. ಕಿವಿ ಹೋದ ಮೇಲೆ ಹೇಮವಲ್ಲಿ ಮತ್ತು ನಾಗವ್ವೆ ಸೇರಿ ಕೈಮಾತು ಕಟ್ಟಿಕೊಂಡಿದ್ದರು. ಬೆರಳು ಮಡಿಸಿದರೆ ಅನ್ನ, ಬಿಡಿಸಿದರೆ ಹೂವು, ಹಣೆಗೆ ತಾಗಿಸಿದರೆ ನೆನಪು. ಅರಸ ಮಾತ್ರ ಅದನ್ನು ಕಲಿಯಲಿಲ್ಲ. ಪ್ರೀತಿ ಇರಲಿಲ್ಲವೆಂದಲ್ಲ, ಬೆಟ್ಟದಷ್ಟಿತ್ತು. ಆದರೆ ಮಗಳು ಬಾಯಲ್ಲಿ ಮಾತಾಡುತ್ತಾಳೆ, ಕರೆದರೆ ಗುಬ್ಬಿ ತಿಳಿಸುತ್ತದೆ, ಹೇಳಿದ್ದನ್ನು ನಾಗವ್ವೆ ಕೈಯಲ್ಲಿ ದಾಟಿಸುತ್ತಾಳೆ. ಇನ್ನು ಅರಸನ ಬೆರಳಿಗೇಕೆ ತೊಂದರೆ? ದೊಡ್ಡವರ ಪ್ರೀತಿ ಹೀಗೆ ಎಷ್ಟೋ ಸಲ ಇನ್ನೊಬ್ಬರ ಕೈಯಿಂದಲೇ ಬಡಿಸಿಕೊಳ್ಳುತ್ತದೆ. ಅವನು ನಾಲ್ಕು ಕೈಮಾತು ಕಲಿತಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ.

ಹೇಮವಲ್ಲಿ ಹರೆಯಕ್ಕೆ ಬಂದ ವರ್ಷ ಅರಸ ಕೆಂಪುಕೊಳದ ಕಾಡಿಗೆ ಬೇಟೆಗೆ ಹೋದ. ಪರಿವಾರದಿಂದ ತಪ್ಪಿಸಿಕೊಂಡು ಒಂದು ಹಗಲು ಕಾಣೆಯಾಗಿದ್ದು, ಮರುದಿನ ಒಬ್ಬನೇ ಕುದುರೆಯೇರಿ ಬಂದ. ಊರು ನಿಟ್ಟುಸಿರು ಬಿಟ್ಟಿತು. ಸಂಜೆ ಅವನು ಮಗಳ ಅಂತಃಪುರದ ಬಾಗಿಲಲ್ಲಿ ನಿಂತು “ಮಗಳೇ” ಎಂದ. ಗುಬ್ಬಿ ತಲೆ ಎತ್ತಿತು. ಮೈಯ ರೋಮ ನಿಮಿರಿತು. ಎದ್ದು ಬಂದು ಹೇಮವಲ್ಲಿಯ ಸೆರಗು ಹಿಡಿದು ಎಳೆಯಿತು.

ಯಾರೋ ಹೊರಗಿನವರು ಬಂದಿದ್ದಾರೆಂದು ಹೇಮವಲ್ಲಿ ತಿರುಗಿ ನೋಡಿದರೆ ಅಪ್ಪ ನಿಂತಿದ್ದಾನೆ! ಅವಳು ನಕ್ಕುಬಿಟ್ಟಳು. ನಾಗವ್ವೆಯೂ ನಕ್ಕಳು. ಅರಸ ನಗಲಿಲ್ಲ.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಆಗ ಅರಸ ಮುಖ ಗಂಟಿಕ್ಕಿ, “ನಾಯಿಗೆ ವಯಸ್ಸಾಯಿತು, ಕಿವಿ ಮಂದವಾಗಿದೆ. ಮಂದಕಿವಿಯ ನಾಯಿ ಕಿವುಡಿಗೆ ದಾರಿ ತೋರಿಸುವುದು ಎಲ್ಲಾದರೂ ಉಂಟೆ? ಇದನ್ನು ಹೊಳೆಯಾಚೆಯ ಹುಲಿಕಾಡಿಗೆ ಬಿಟ್ಟು ಬನ್ನಿ” ಎಂದ.

ಆ ವಾರವೇ ಅರಮನೆಯ ಮಲ್ಲಿಗೆ ಬಳ್ಳಿ ಮೊಗ್ಗು ಬಿಡುವುದನ್ನು ನಿಲ್ಲಿಸಿತು. ಲಾಯದ ಕುದುರೆಗಳು ಅರಸ ಬಂದರೆ ಗೋಡೆಗೆ ಮುಖ ಮಾಡಿ ನಿಂತವು. ಜನ ಹವೆಯನ್ನು ಬೈದರು, ಹುಲ್ಲನ್ನು ಬೈದರು. ಅರಸನನ್ನು ಬೈಯುವವರು ಯಾರು?

ಹೇಮವಲ್ಲಿ ಗುಬ್ಬಿಯನ್ನು ಅಪ್ಪಿಕೊಂಡು ಕೂತಳು, ಊಟ ಮುಟ್ಟಲಿಲ್ಲ. ಗುಬ್ಬಿ ಹೋದರೆ ತನ್ನ ಬೆನ್ನ ಹಿಂದಿನ ಲೋಕವೆಲ್ಲ ಹೋದಂತೆ ಎಂಬುದು ಅವಳಿಗೆ ಗೊತ್ತಿತ್ತು. ಆಗ ಸಭೆಯಲ್ಲಿ ಮುದಿಮಂತ್ರಿ ಸುಬಂಧು ಕೈಮುಗಿದು ಎದ್ದ. “ಪ್ರಭು, ಇದು ರಾಜಕುಮಾರಿಯ ಕಿವಿ ಎಂದು ತಾವೇ ಸಾರಿದ್ದೀರಿ. ಒಬ್ಬರ ಕಿವಿ ಕೀಳಬೇಕಾದರೆ ಪರೀಕ್ಷೆ ಆಗಬೇಕು. ಮೂರು ಪರೀಕ್ಷೆ ನಡೆಯಲಿ.”

ಅರಸ ಗಡ್ಡ ನೀವಿಕೊಂಡ. “ಆಗಲಿ. ಮೂರನೆಯದು ನನ್ನದು. ನಾನು ತೆರೆಯ ಹಿಂದೆ ನಿಂತು ಮಗಳನ್ನು ಕರೆಯುತ್ತೇನೆ. ಗುರುತಿಸಿದರೆ ನಾಯಿ ಉಳಿಯಲಿ.”

ಮೊದಲನೆಯ ಪರೀಕ್ಷೆಯಲ್ಲಿ ಮಂತ್ರಿ ತೆರೆಯ ಹಿಂದೆ ಕಂಚಿನ ತಟ್ಟೆಯ ಮೇಲೆ ಒಂದು ಸಾಸಿವೆ ಕಾಳು ಬಿಟ್ಟ. ಪಕ್ಕದಲ್ಲಿದ್ದ ಪಹರೆಯವನಿಗೇ ಅದು ಕೇಳಿಸಲಿಲ್ಲ. ಗುಬ್ಬಿ ಎದ್ದು ಹೋಗಿ ತೆರೆಯ ಮುಂದೆ ಕೂತಿತು. ಸಭೆ ತಲೆದೂಗಿತು.

ಎರಡನೆಯದರಲ್ಲಿ ಅಂಗಳದ ತುಂಬ ಸೈನಿಕರು ಚಮ್ಮಾವುಗೆ ಹಾಕಿ ನಡೆದರು. ಆ ಗದ್ದಲದ ನಡುವೆ ನಾಗವ್ವೆ ಬರಿಗಾಲಲ್ಲಿ ನಡೆಯುತ್ತ ಒಮ್ಮೆ ಪಿಸುಗುಟ್ಟಿದಳು. ಗುಬ್ಬಿ ಹೇಮವಲ್ಲಿಯ ಮೊಣಕಾಲಿಗೆ ಪಂಜ ಇಟ್ಟಿತು. ಸಭೆ ಮತ್ತೆ ತಲೆದೂಗಿತು. ಅರಸ ಮಾತ್ರ, “ನಾಳೆ ನೋಡೋಣ” ಎಂದು ಎದ್ದು ಹೋದ.

ಹೇಮವಲ್ಲಿ ಸಂತೋಷಪಡಬೇಕಿತ್ತು. ಆದರೆ ಅವಳ ಎದೆಯಲ್ಲಿ ಒಂದು ಮುಳ್ಳು ಆಡತೊಡಗಿತು. ಸಾಸಿವೆ ಬಿದ್ದದ್ದು ಕೇಳುವ ನಾಯಿಗೆ ಅಪ್ಪನ ದನಿ ಕೇಳುವುದಿಲ್ಲವೆ? ಕೇಳುತ್ತದೆ. ಕೇಳಿಯೂ ಅದು ಹೊರಗಿನವನ ದನಿ ಎನ್ನುತ್ತಿದೆ. ಹಾಗಾದರೆ? ಆ ಯೋಚನೆಯನ್ನು ಮುಂದಕ್ಕೆ ನಡೆಸಲು ಅವಳಿಗೆ ಭಯವಾಯಿತು.

ಮನಸ್ಸು ತಡೆಯದೆ ಅವಳು ನಾಗವ್ವೆಯನ್ನು ಕರೆದುಕೊಂಡು ಬೊಮ್ಮಜ್ಜನನ್ನು ಕಾಣಲು ಕೋಟೆಯ ಆಚೆ ತುದಿಯಲ್ಲಿದ್ದ ನಾಯಿಮನೆಯ ಕಡೆಗೆ ಹೊರಟಳು. ಹಾಡುಹಗಲು. ದಾರಿಯಲ್ಲಿ ಗುಬ್ಬಿ ತಟ್ಟನೆ ನಿಂತಿತು. ಕಿವಿ ನೆಟ್ಟಗಾಯಿತು, ಸೊಟ್ಟ ಬಾಲ ಅಲ್ಲಾಡಿತು. ಹೇಮವಲ್ಲಿಯ ಎಡಪಾದದ ಮೇಲೆ ಗಲ್ಲ ಊರಿ ಮಲಗಿತು.

ಅವಳು ಸುತ್ತ ನೋಡಿದಳು. ಯಾರೂ ಇಲ್ಲ. ಅರಸ ದೂರದ ಉಪ್ಪರಿಗೆಯಲ್ಲಿ ಕೂತಿರುವುದು ಕಾಣುತ್ತಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದರೆ ಮತ್ತೆ ಗಲ್ಲ, ನಾಯಿಮನೆಯ ಬಾಗಿಲಲ್ಲಿ ಮತ್ತೆ ಗಲ್ಲ.

ಒಳಗೆ ಬಯಲಂಗಳದ ಮೂಲೆಯಲ್ಲಿ, ಗೂಟಕ್ಕೆ ಕಟ್ಟಿಹಾಕಿದ ಒಂದು ಕಜ್ಜಿ ಹಿಡಿದ ಗಂಡುನಾಯಿ ಇತ್ತು. ಒಂದು ಕಾಲು ಕುಂಟು, ಹಗ್ಗ ಉಜ್ಜಿ ಕತ್ತು ಹುಣ್ಣಾಗಿತ್ತು. ಹೇಮವಲ್ಲಿಯನ್ನು ಕಂಡಿದ್ದೇ ತಡ, ಅದು ಹಗ್ಗ ಜಗ್ಗಿ ಜಗ್ಗಿ ಬೊಗಳತೊಡಗಿತು. ಅದು ಬಾಯಿ ತೆರೆದಾಗಲೆಲ್ಲ ಗುಬ್ಬಿ ಪಾದದ ಮೇಲೆ ಗಲ್ಲ ಊರಿತು.

“ನಾಗವ್ವೆ, ನಿನಗೆ ಏನು ಕೇಳಿಸುತ್ತಿದೆ?” ಎಂದು ಹೇಮವಲ್ಲಿ ಕೇಳಿದಳು.

ನಾಗವ್ವೆ ಕೈಯಲ್ಲಿ ಹೇಳಿದಳು: “ಬೊಗಳು, ನನ್ನವ್ವ. ಬರೀ ಬೊಗಳು.”

ಬೊಮ್ಮಜ್ಜ ಹತ್ತಿರ ಬಂದ. ಅವನ ಮಾತನ್ನು ನಾಗವ್ವೆ ಬೆರಳಿಗೆ ಇಳಿಸಿದಳು. “ಇದು ಬೇಟೆಯಿಂದ ದೊರೆಯ ಕುದುರೆ ಹಿಂದೇನೇ ಬಂತು ತಾಯೀ. ‘ಕಟ್ಟಿ ಹಾಕು, ಕೊಲ್ಲಬೇಡ, ಬಿಡಲೂಬೇಡ’ ಅಂದ್ರು ದೊರೆ. ಹಗಲಿಲ್ಲ ಇರುಳಿಲ್ಲ, ಒಂದೇ ಸಮ ಕೂಗ್ತದೆ. ದಾರಿಲಿ ಹೋಗೋರೆಲ್ಲ ಕಲ್ಲು ಹೊಡೀತಾರೆ. ಆದ್ರೆ ಒಂದು ವಿಚಿತ್ರ ನೋಡಿ. ನನ್ನ ಬೇಟೆನಾಯಿಗಳು ಹುಲಿಗೂ ಹೆದರೋವಲ್ಲ. ಇದು ತಿನ್ನೋ ತನಕ ಅವು ಅನ್ನಕ್ಕೆ ಬಾಯಿ ಹಾಕೋದಿಲ್ಲ.”

ಹೇಮವಲ್ಲಿ ಗುಬ್ಬಿಯ ವಿಷಯ ಹೇಳಿದಳು. ಮುದುಕನ ಮುಖ ಬೂದಿಯಾಯಿತು. ಅವನು ಬಾಗಿಲು ಮುಚ್ಚಿ ಬಂದು ಕೂತ.

“ಕೆಂಪುಕೊಳದ ಕಾಡಲ್ಲಿ ಧೂಮಕೇಶ ಅಂತ ಒಬ್ಬ ಮಾಟಗಾರ ಇದ್ದಾನೆ. ಬಾವಿಗೆ ವಿಷ ಬೆರೆಸಿದ ಅಂತ ನಿಮ್ಮ ಅಪ್ಪಾಜಿ ಅವನ್ನ ಗಡೀಪಾರು ಮಾಡಿದ್ರು. ಅವನು ರೂಪ ಕದಿಯೋನು, ದನಿ ಕದಿಯೋನು. ಮನುಷ್ಯರ ಕಿವಿಗೆ ವ್ಯತ್ಯಾಸ ತಿಳಿಯಾಕಿಲ್ಲ, ನಾಯಿ ಕಿವಿಗೆ ಮೋಸ ಮಾಡೋಕಾಗಲ್ಲ. ಕದ್ದ ರೂಪ ಉಳೀಬೇಕಾದ್ರೆ ರೂಪದ ಒಡೆಯ ಬದುಕಿರಬೇಕು, ಹತ್ತಿರಾನೇ ಇರಬೇಕು. ಅದಕ್ಕೇ ಕೊಂದಿಲ್ಲ.”

“ಬಿಡಿಸುವುದು ಹೇಗೆ ಅಜ್ಜ?”

“ಕಳ್ಳನ ಎದುರಿಗೇ, ರಕ್ತ ಹಂಚಿಕೊಂಡೋರು ಒಡೆಯನ್ನ ಗುರುತು ಹಿಡಿದು ಬಾಯಿ ತುಂಬ ಕರೀಬೇಕು. ಆದ್ರೆ ತಾಯೀ...” ಬೊಮ್ಮಜ್ಜ ಕಣ್ಣೊರೆಸಿಕೊಂಡ. “ಗುರುತು ತಪ್ಪಿದ್ರೆ, ಕರೆದೋರಿಗೇ ಆ ರೂಪ ಬರ್ತದೆ. ಮತ್ತೆ ಬಿಡಿಸೋರು ಯಾರೂ ಇರಾಕಿಲ್ಲ.”

ಹೇಮವಲ್ಲಿ ಆ ನಾಯಿಯ ಮುಂದೆ ಕೂತು ಅದರ ಕಣ್ಣನ್ನೇ ನೋಡಿದಳು. ಅಪ್ಪನ ಕಣ್ಣೇ? ನಾಯಿಯ ಕಣ್ಣೇ? ತಿಳಿಯಲಿಲ್ಲ. ಅವಳು ಎರಡು ಬೆರಳು ಜೋಡಿಸಿ ‘ಅಪ್ಪ’ ಎಂದು ಕೈಮಾತಾಡಿದಳು. ನಾಯಿ ಆ ಬೆರಳುಗಳನ್ನು ಮಿಕಮಿಕ ನೋಡಿತು. ಪಾಪ, ಅರ್ಥವಾಗಲಿಲ್ಲ. ಅದು ಅಪ್ಪನಲ್ಲ ಎನ್ನುವುದಕ್ಕೂ ಇದು ಸಾಕ್ಷಿಯಲ್ಲ, ಅಪ್ಪನಿಗೆ ಕೈಮಾತು ಎಂದೂ ಬರುತ್ತಿರಲಿಲ್ಲವಲ್ಲ! ಅವಳಿಗೆ ಅಳು ಒತ್ತರಿಸಿ ಬಂತು.

ಮಾರನೆಯ ದಿನ ಸಭೆ ಕಿಕ್ಕಿರಿದಿತ್ತು. ಅರಸ ತೆರೆಯ ಹಿಂದೆ ನಿಂತು ಕರೆದ: “ಮಗಳೇ.” ಗುಬ್ಬಿ ಹೇಮವಲ್ಲಿಯ ಸೆರಗು ಎಳೆಯಿತು. “ಮಗಳೇ ಹೇಮಾ.” ಮತ್ತೆ ಎಳೆಯಿತು. ಅರಸ ದನಿಯಲ್ಲಿ ಜೇನು ಬೆರೆಸಿ, “ಬಾರಮ್ಮ ನನ್ನ ಕಂದ” ಎಂದ. ಆ ದನಿಗೆ ನೆರೆದವರ ಕಣ್ಣಲ್ಲಿ ನೀರು ಬಂತು. ಗುಬ್ಬಿ ಸೆರಗು ಹರಿಯುವಂತೆ ಎಳೆಯಿತು.

ಅರಸ ತೆರೆ ಸರಿಸಿ ಹೊರಬಂದ. “ನೋಡಿದಿರಲ್ಲ? ಸೋತಿತು. ಒಯ್ಯಿರಿ.”

“ಸೋತಿಲ್ಲ!” ಹೇಮವಲ್ಲಿ ಎದ್ದು ನಿಂತಳು. ಅವಳ ದನಿ ಒರಟು, ಏರಿಳಿತವಿಲ್ಲದ್ದು. ತುಂಬಿದ ಸಭೆಯಲ್ಲಿ ಅವಳು ಹಾಗೆ ಮಾತಾಡಿದ್ದೇ ಇಲ್ಲ. “ಎರಡು ಪರೀಕ್ಷೆಯಲ್ಲಿ ನಿಜ ಹೇಳಿದ ನಾಯಿ ಮೂರನೆಯದರಲ್ಲೂ ನಿಜವನ್ನೇ ಹೇಳಿದೆ. ಬೊಮ್ಮಜ್ಜಾ, ಕರೆದು ತಾ.”

ಬೊಮ್ಮಜ್ಜ ಆ ಕುಂಟುನಾಯಿಯನ್ನು ಸಭೆಯ ನಡುವೆ ತಂದು ನಿಲ್ಲಿಸಿದ. ದುರ್ವಾಸನೆಗೆ ಜನ ಮೂಗು ಮುಚ್ಚಿಕೊಂಡರು. ಅದು ತಲೆ ಎತ್ತಿ ಒಮ್ಮೆ ಬೊಗಳಿತು. ಗುಬ್ಬಿ ಹೇಮವಲ್ಲಿಯ ಎಡಪಾದದ ಮೇಲೆ ಗಲ್ಲ ಊರಿ ಮಲಗಿತು.

ಯಾರೋ ಕಿಸಕ್ಕೆಂದು ನಕ್ಕರು. ಅರಸ ಮಾತ್ರ ನಗಲಿಲ್ಲ. ಅವನ ಮುಖ ಕಪ್ಪಿಟ್ಟಿತು. ದೊಣ್ಣೆ ಎತ್ತಿಕೊಂಡು, “ಆ ಹಡಬೆ ನಾಯಿಯನ್ನು ಹೊರಗೆ ಎಳೆಯಿರಿ!” ಎಂದು ಅಬ್ಬರಿಸಿದ.

ಹೇಮವಲ್ಲಿ ಮಂಡಿಯೂರಿ ಕೂತಳು. ಕಜ್ಜಿ ಹಿಡಿದ ಆ ತಲೆಯನ್ನು ಎರಡು ಕೈಯಲ್ಲಿ ಹಿಡಿದಳು. ತಪ್ಪಿದರೆ ತಾನು ಜೀವವಿರುವ ತನಕ ನಾಯಿ. ಕೈಮಾತಾಡಲು ಬೆರಳೂ ಇರುವುದಿಲ್ಲ. ಅವಳಿಗೆ ನಿಜವಾಗಿಯೂ ಭಯವಾಯಿತು. ತನ್ನ ಕಣ್ಣು ಸಿಂಹಾಸನದ ಮುಂದಿರುವವನೇ ಅಪ್ಪ ಎನ್ನುತ್ತಿದೆ. ಊರೆಲ್ಲ ಹಾಗೆಯೇ ಎನ್ನುತ್ತಿದೆ. ಇಲ್ಲ ಎನ್ನುತ್ತಿರುವುದು ಒಂದು ಸೊಟ್ಟಬಾಲದ ನಾಯಿ. ‘ಬೇಸರವಾದೀತೆಂದು ಜನ ನನಗೆ ಎಷ್ಟೋ ಮಾತು ಮುಚ್ಚಿಟ್ಟರು, ಎಷ್ಟೋ ಮಾತು ತಿರುಚಿ ಹೇಳಿದರು. ಗುಬ್ಬಿ ಒಂದು ದಿನವೂ ಹಾಗೆ ಮಾಡಲಿಲ್ಲ’ ಎಂದುಕೊಂಡಳು. ಕಣ್ಣು ಮುಚ್ಚಿ, ಎದೆಯೊಳಗಿನ ಉಸಿರೆಲ್ಲ ಸೇರಿಸಿ ಕರೆದಳು:

“ಅಪ್ಪಾಜೀ!”

ಅಂಗೈ ಕೆಳಗಿನ ಕೂದಲು ಮೆತ್ತಗಾಯಿತು. ಕಣ್ಣು ತೆರೆದರೆ ಅವಳ ಕೈಗಳ ನಡುವೆ ಧವಳಾಂಕ ಮಹಾರಾಜನ ನರೆತ ತಲೆ ಇತ್ತು. ಮೈಮೇಲೆ ಬೇಟೆಗೆ ಹೋದಾಗಿನ ಬಟ್ಟೆ ಚಿಂದಿಯಾಗಿತ್ತು. ಕತ್ತಿನಲ್ಲಿ ಹಗ್ಗ, ಬೆನ್ನ ತುಂಬ ಕಲ್ಲೇಟು. ಸಿಂಹಾಸನದ ಮುಂದಿದ್ದವನ ರೂಪ ಒಣಗಿದ ಮಣ್ಣಿನಂತೆ ಉದುರಿ, ಒಳಗಿನಿಂದ ಬೂದುಬಣ್ಣದ ಧೂಮಕೇಶ ಹೊರಬಿದ್ದ. ಅವನು ಬಾಯಿ ತೆರೆದ, ಮಂತ್ರ ಬರಲಿಲ್ಲ. ಬೇಟೆನಾಯಿಗಳೆಲ್ಲ ಬಾಗಿಲು ಒಡೆದುಕೊಂಡು ಬಂದವು. ಅವನನ್ನು ಅಟ್ಟಿಸಿಕೊಂಡು ಹೋಗಿ ಏಳು ಹೊಳೆಗಳನ್ನೂ ದಾಟಿಸಿಯೇ ಹಿಂದಿರುಗಿದವು. ಆಮೇಲೆ ಅವನನ್ನು ಕಂಡವರಿಲ್ಲ.

ಸಭೆಯಲ್ಲಿ ಎಷ್ಟೋ ತಲೆಗಳು ಬಗ್ಗಿದವು. ಕಲ್ಲು ಹೊಡೆದವರಲ್ಲಿ ದೊಡ್ಡ ದೊಡ್ಡ ಮನುಷ್ಯರೂ ಇದ್ದರು. ಅರಸ ಅವರ ಕಡೆ ನೋಡಲಿಲ್ಲ. ಮಗಳ ಕೈ ಹಿಡಿದು ಏನೋ ಹೇಳತೊಡಗಿದ. ಹೇಮವಲ್ಲಿ ವಾಡಿಕೆಯಂತೆ ನಾಗವ್ವೆಯ ಕಡೆ ತಿರುಗಿದಳು. ನಾಗವ್ವೆ ಕೈ ಎತ್ತಿದಳು.

“ತಡಿ ನಾಗವ್ವೆ” ಎಂದ ಅರಸ. ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. “ಆ ಗೂಟದ ಬಳಿ ಕೂತು ಜೀವ ಹೋಗುವಂತೆ ಮಾತಾಡಿದೆ. ಎದುರಿಗಿದ್ದವರಿಗೆ ಒಂದು ಮಾತೂ ಮುಟ್ಟಲಿಲ್ಲ. ನನ್ನ ಮಗಳು ಬಂದು ಬೆರಳಲ್ಲಿ ಏನೋ ಕೇಳಿದಳು, ನನಗೆ ಅದೂ ತಿಳಿಯಲಿಲ್ಲ. ಇಷ್ಟು ವರ್ಷ ಅವಳನ್ನು ನಾನೂ ಹಾಗೇ ಕೂರಿಸಿದ್ದೆ. ‘ಮಗಳು’ ಅನ್ನೋದು ಕೈಯಲ್ಲಿ ಹೇಗೆ? ನನಗೆ ಹೇಳಿಕೊಡು.”

ನಾಗವ್ವೆ ತೋರಿಸಿದಳು. ಅರಸ ಹುಣ್ಣಾದ ಕೈ ಎತ್ತಿ, ತುಂಬಿದ ಸಭೆಯ ಎದುರು ಬೆರಳು ಮಡಿಸಿದ. ತಪ್ಪಿತು. ಮತ್ತೆ ಮಡಿಸಿದ, ಮತ್ತೆ ತಪ್ಪಿತು. ಹೇಮವಲ್ಲಿ ಅಳುತ್ತಲೇ ನಕ್ಕು, ಅವನ ದಪ್ಪ ಬೆರಳುಗಳನ್ನು ಒಂದೊಂದಾಗಿ ಹಿಡಿದು ಸರಿಮಾಡಿದಳು.

ಅಂದಿನಿಂದ ಬೆಳ್ಳಕ್ಕಿದುರ್ಗದಲ್ಲಿ ಯಾರೂ ನಾಯಿಗೆ ಕಲ್ಲೆತ್ತಲಿಲ್ಲ. ಬೊಮ್ಮಜ್ಜನಿಗೆ ಉಪ್ಪರಿಗೆಯಲ್ಲಿ ಕೋಣೆ ಸಿಕ್ಕಿತು, ಅವನು ಮಾತ್ರ ನಾಯಿಗಳ ಜೊತೆಯೇ ಮಲಗಿದ. ಮಲ್ಲಿಗೆ ಬಳ್ಳಿಗೆ ಮೊಗ್ಗು ಬಂತು, ಹೊಳೆಗೆ ನೀರು ಬಂತು, ಎಲ್ಲರೂ ಉಂಡು ಉಟ್ಟು ಸುಖವಾಗಿದ್ದರು. ಗುಬ್ಬಿಗೆ ಒಂದು ಕೆಲಸ ಕಡಿಮೆಯಾಯಿತು. ಅರಸ ಮಗಳನ್ನು ದೂರದಿಂದ ಕರೆಯುವುದನ್ನೇ ಬಿಟ್ಟ. ಮಾತಾಡಬೇಕಾದಾಗ ಕುಂಟುತ್ತ ಬಂದು, ಅವಳ ಎದುರಿಗೆ ಕೂತು, ಮೊದಲು ಕೈಗಳನ್ನು ಬೆಳಕಿಗೆ ಚಾಚುತ್ತಿದ್ದ.