ಬರಿಗಾಲಿಗೆ ಐದೇ ನಿಮಿಷ

"ಮೊದಲು ಆ ಶೂ ಬಿಚ್ಚಿ!"

ಮೈದಾನದ ಅಂಚಿನಲ್ಲಿ ಮಂಡಿ ಹಿಡಿದು ಕೂತಿದ್ದ ಲೆಕ್ಕದ ಟೀಚರ್ ತಲೆಯೆತ್ತಿದಳು. ಎದುರಿಗೆ ಬರಿಗಾಲಲ್ಲಿ ನಿಂತಿದ್ದವನು ಶೂ ಅಂಗಡಿಯವನು! ಅಲ್ಲಾ, ಶೂ ಮಾರುವವನೇ ಶೂ ಬಿಚ್ಚಿ ಅಂದರೆ ಅಂಗಡಿ ಉದ್ಧಾರವಾದ ಹಾಗೆಯೇ!

"ಏನ್ರೀ, ಹೊಸ ಶೂ ಮಾರೋಕೆ ಇದೊಂದು ಉಪಾಯನಾ?"

"ಅಯ್ಯೋ, ಇಲ್ಲ ಕಣ್ರೀ! ನೀವು ಹಿಮ್ಮಡಿ ಧೊಪ್ ಧೊಪ್ ಅಂತ ಊರ್ತೀರ. ಆ ಏಟೆಲ್ಲಾ ಮಂಡಿಗೆ ಹೋಗುತ್ತೆ. ಬರಿಗಾಲಾದ್ರೆ ಹೆಜ್ಜೆ ತಾನಾಗೇ ಹಗುರಾಗುತ್ತೆ. ಆದ್ರೆ ದಿನಕ್ಕೆ ಐದೇ ನಿಮಿಷ. ವಾರಕ್ಕೊಂದು ನಿಮಿಷ ಹೆಚ್ಚಿಸಿ, ಸಾಕು."

ಓಟ ನಿಲ್ಲಿಸಿಬಿಡಿ ಎಂದು ಡಾಕ್ಟರ್ ಹೇಳಿ ಹತ್ತು ದಿನವಾಗಿತ್ತು. ಹಾಸಿಗೆ ಹಿಡಿದ ಅಮ್ಮ, ಶಾಲೆ, ಅಡುಗೆಮನೆ... ಇವುಗಳ ನಡುವೆ ಅವಳದು ಅಂತ ಇದ್ದದ್ದು ಬೆಳಗಿನ ಅರ್ಧ ಗಂಟೆ ಮಾತ್ರ. ಅದೂ ಹೋದರೆ ಅವಳು ಉಸಿರಾಡುವುದೆಲ್ಲಿ?

ಶೂ ಬಿಚ್ಚಿದಳು. ಒದ್ದೆ ಹುಲ್ಲು ಅಂಗಾಲಿಗೆ ತಾಗಿದ್ದೇ ತಡ, ಚಿಕ್ಕ ಹುಡುಗಿಯ ಹಾಗೆ ನಕ್ಕುಬಿಟ್ಟಳು!

ಒಂದು ವಾರ ಜೊತೆಯಾಗಿ ಓಡಿದರು. ಅವಳ ಐದು ನಿಮಿಷ ಮುಗಿದ ಮೇಲೆ ಅವನು ಮೈದಾನದ ಆಚೆ ಕಡೆ ಓಟ ಮುಂದುವರಿಸುತ್ತಿದ್ದ. ಮಂಡಿ ನೋವು ತಗ್ಗಿತು. ಅವನು ಬರುವ ದಾರಿಯನ್ನೇ ಅವಳ ಕಣ್ಣು ನೋಡತೊಡಗಿತು...

ಆದರೆ ಲೆಕ್ಕದ ಟೀಚರ್ ತಾನೇ? ಬೆರಳು ಮಡಿಸಿದಳು. ಅರ್ಧ ಗಂಟೆ ಮುಟ್ಟಲು ಇಪ್ಪತ್ತೈದು ವಾರ! ಅಷ್ಟು ಕಾಯುವವರು ಯಾರು? ಅವನು ಮಾಲು ತರಲು ಹೋಗಿದ್ದ ದಿನ ಅರ್ಧ ಗಂಟೆ ಪೂರ್ತಿ ಓಡಿದಳು. ಮನೆ ಮುಟ್ಟುವಷ್ಟರಲ್ಲಿ ಮೀನಖಂಡ ಕಲ್ಲಾಗಿತ್ತು.

ಸುದ್ದಿ ತಿಳಿದು ಅವನು ಅವಳ ಮನೆ ಬಾಗಿಲಿಗೇ ಓಡಿ ಬಂದ.

"ನಿಮ್ಮ ಮಾತು ಕೇಳಿ ನನ್ನ ಕಾಲು ಹಾಳಾಯ್ತು! ಇನ್ನು ಈ ಕಡೆ ತಲೆ ಹಾಕ್ಬೇಡಿ!"

ಅವನು ತಲೆ ತಗ್ಗಿಸಿ ಹೊರಟುಹೋದ.

'ಛೆ! ತಪ್ಪು ಮಾಡಿದ್ದು ನಾನು... ಬೈದದ್ದು ಅವರನ್ನ!' ಕಾಲಿಗಿಂತ ಈ ನೋವೇ ಹೆಚ್ಚಾಯಿತು.

ಮೂರು ವಾರದ ಮೇಲೆ ಕಾಲು ಸರಿಯಾಯಿತು. ಅವನಿಗೆ ಮುಖ ತೋರಿಸುವ ಧೈರ್ಯವಿಲ್ಲದೆ, ಎಂದಿಗಿಂತ ಮುಂಚೆಯೇ ಮೈದಾನಕ್ಕೆ ಹೋದಳು.

ಅಲ್ಲಿ ಅವನು ಬಗ್ಗಿ ಗುಡಿಸುತ್ತಿದ್ದ! ಅವಳು ಓಡುವ ಅಂಚಿನುದ್ದಕ್ಕೂ ಕಲ್ಲು, ಗಾಜಿನ ಚೂರು ಆರಿಸಿ ಡಬ್ಬಕ್ಕೆ ಹಾಕುತ್ತಿದ್ದ.

"ಇದೇನ್ರೀ ಮಾಡ್ತಿದ್ದೀರ?"

ಅವನು ಬೆಚ್ಚಿದ. "ನೀವು ಯಾವತ್ತಾದ್ರೂ ಬಂದ್ರೆ... ಕಾಲಿಗೆ ಚುಚ್ಚಬಾರದಲ್ವಾ."

"ಮೂರು ವಾರದಿಂದಾನಾ?"

"ಹ್ಞೂಂ."

"ನಾನು ಅಷ್ಟೆಲ್ಲಾ ಬೈದಿದ್ನಲ್ಲಾ!"

"ನೋವಾದಾಗ ಯಾರಾದ್ರೂ ಬೈತಾರೆ, ಬಿಡಿ."

ಅವಳ ಕಣ್ಣು ತುಂಬಿ ಬಂತು. ಅಮ್ಮ ಹಾಸಿಗೆ ಹಿಡಿದ ಮೇಲೆ ಎಲ್ಲರಿಗೂ ಮಾಡುವವಳು ಅವಳೇ. ಅವಳಿಗಾಗಿ ಯಾರೂ ಏನೂ ಮಾಡಿದ್ದಿಲ್ಲ.

"ತಪ್ಪು ನಂದೇ. ಆತುರಪಟ್ಟೆ, ಕ್ಷಮಿಸಿ. ನನ್ನ ಓಟ ಉಳಿದಿದ್ದೇ ನಿಮ್ಮಿಂದ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ... ನೀವಂದ್ರೆ ನನಗೆ ಇಷ್ಟ ಕಣ್ರೀ!"

ಅವನ ಕಿವಿ ಕೆಂಪಾಯಿತು. "ನಂದೂ ಅದೇ ಕಥೆ, ಟೀಚರ್. ಹೇಳೋಕೆ ಧೈರ್ಯ ಬರ್ಲಿಲ್ಲ, ಅದಕ್ಕೆ ಗುಡಿಸ್ತಾ ಇದ್ದೆ!"

ಅಳುತ್ತಲೇ ನಕ್ಕಳು. ಅವನ ಕೈಯಿಂದ ಪೊರಕೆ ಕಿತ್ತುಕೊಂಡಳು.

"ಮೈದಾನದ ಆಚೆ ಕಡೆ ನಾನು ಗುಡಿಸ್ತೀನಿ."

"ಅಲ್ಲಿ ನೀವು ಓಡೋದಿಲ್ವಲ್ಲ?"

"ನೀವು ಓಡ್ತೀರಲ್ಲ!"